ಅಪ್ಪ ಅಮ್ಮ ಮಲಗಬಲ್ಲ ವ್ಯಾನನ್ನು ಆರಿಸಿದ ಬಗೆ: ನನ್ನ ಅನುಭವ

ಮೆಲ್ಬರ್ನಿನ ನಮ್ಮ ಕನ್ನಡ ಬಳಗದಲ್ಲಿ ಸಂಸಾರ ದೊಡ್ಡದಾದ ಕೂಡಲೇ ಎಲ್ಲರ ಕಣ್ಣೂ ಏಳು ಸೀಟಿನ ಎಸ್‌ಯುವಿಯತ್ತ ಹೊರಳುತ್ತದೆ. ನಾನು ಸೆಕೆಂಡ್ ಹ್ಯಾಂಡ್ ಡೀಸೆಲ್ ಕಿಯಾ ಕಾರ್ನಿವಲ್ ವ್ಯಾನ್ ಒಂದನ್ನು ಕೊಂಡು, ವಾರದ ದಿನಗಳಲ್ಲಿ ಮಕ್ಕಳನ್ನು ಶಾಲೆಗೆ ಬಿಡುವುದಕ್ಕೂ ರಜೆಯಲ್ಲಿ ಆರೂ ಜನ ಕ್ಯಾಂಪಿಂಗಿಗೆ ಹೋಗುವುದಕ್ಕೂ ಅದೊಂದನ್ನೇ ಬಳಸುತ್ತೇನೆಂದು ಹೇಳಿದಾಗ ಒಪ್ಪಿದವರು ಇರಲಿಲ್ಲ. ಅದು ವಿಮಾನ ನಿಲ್ದಾಣಕ್ಕೆ ಬಾಡಿಗೆ ಓಡಿಸುವ ಗಾಡಿ ಎಂದರು. ಫೋರ್ ವೀಲ್ ಡ್ರೈವ್ ಇಲ್ಲದೆ ಕ್ಯಾಂಪಿಂಗ್ ಎಲ್ಲಿಂದ ಬಂತು ಎಂದರು. ಎಪ್ಪತ್ತು ದಾಟಿದ ತಂದೆ ತಾಯಿಯನ್ನು ಟೆಂಟಿನಲ್ಲಿ ಮಲಗಿಸುವುದು ಸರಿಯಲ್ಲ ಎಂದೂ ಎಚ್ಚರಿಸಿದರು. ಈಗ ಮೂರ್ನಾಲ್ಕು ಬೇಸಿಗೆಗಳು ಕಳೆದಿವೆ. ಅದೇ ಗೆಳೆಯರಲ್ಲಿ ಇಬ್ಬರು ಟೇಪು ಹಿಡಿದು ಬಂದು ನನ್ನ ಗಾಡಿಯೊಳಗಿನ ಹಾಸಿಗೆಯ ಹಲಗೆಯನ್ನು ಅಳೆದುಕೊಂಡು ಹೋಗಿದ್ದಾರೆ. ಕೇಳುವವರು ಹೆಚ್ಚಾದ್ದರಿಂದ ಒಮ್ಮೆ ಬರೆದಿಡುತ್ತಿದ್ದೇನೆ.

ನಮ್ಮ ಅಗತ್ಯವನ್ನು ಮೊದಲು ಹೇಳಿಬಿಡುತ್ತೇನೆ. ನಾವು ನಾಲ್ವರು; ತೀರ್ಥಹಳ್ಳಿಯಿಂದ ಅಪ್ಪ ಅಮ್ಮ ಬಂದು ಕೆಲವು ತಿಂಗಳು ಇದ್ದಾಗ ಆರು ಜನ. ಅಮ್ಮನಿಗೆ ಎರಡೂ ಮಂಡಿ ನೋವು. ಆದ್ದರಿಂದ ನಾನು ಎರಡೇ ಷರತ್ತುಗಳನ್ನು ಇಟ್ಟುಕೊಂಡೆ: ಅಮ್ಮ ಯಾರ ಕೈಯನ್ನೂ ಹಿಡಿಯದೆ ಗಾಡಿ ಹತ್ತಿ ಇಳಿಯಬೇಕು, ರಾತ್ರಿ ನೆಲದಿಂದ ಮೇಲೆ ಚಪ್ಪಟೆಯಾದ ಜಾಗದಲ್ಲಿ ಅವರಿಬ್ಬರೂ ಕಾಲು ಚಾಚಿ ಮಲಗಬೇಕು. ಎಂಜಿನ್ ಶಕ್ತಿ, ಪರದೆಯ ಅಗಲ, ಚರ್ಮದ ಸೀಟು, ಇವೆಲ್ಲ ಆಮೇಲಿನ ಮಾತು. ಮನೆಯ ಅತಿ ಹಿರಿಯರು ಎಲ್ಲಿ ಕೂರುತ್ತಾರೆ, ಎಲ್ಲಿ ಮಲಗುತ್ತಾರೆ ಎಂಬುದರಿಂದ ಲೆಕ್ಕ ಶುರುಮಾಡಿದರೆ ಉಳಿದವರ ಜಾಗ ತಾನಾಗಿ ಸಿಗುತ್ತದೆ. ಚಾಲಕನ ಸೀಟಿನಿಂದ ಶುರುಮಾಡಿದರೆ ಸಿಗುವುದಿಲ್ಲ.

ಎಸ್‌ಯುವಿಗಳನ್ನು ನೋಡದೆ ಬಿಟ್ಟವನಲ್ಲ. ಗೆಳೆಯರ ಗಾಡಿಗಳಲ್ಲೂ ಮಾರುವವರಲ್ಲೂ ನಮ್ಮದೇ ಚೈಲ್ಡ್ ಸೀಟುಗಳನ್ನು ಕಟ್ಟಿ ನೋಡಿದೆ. ಇಲ್ಲಿನ ನಿಯಮದಂತೆ ಏಳು ವರ್ಷದ ತನಕ ಮಕ್ಕಳಿಗೆ ಚೈಲ್ಡ್ ಸೀಟೋ ಬೂಸ್ಟರೋ ಕಡ್ಡಾಯ. ಹಿಂದೆ ಸಾಲಿರುವ ಗಾಡಿಯಲ್ಲಿ ನಾಲ್ಕರೊಳಗಿನ ಮಗುವನ್ನು ಮುಂದೆ ಕೂರಿಸುವಂತಿಲ್ಲ. ಎರಡನೆಯ ಸಾಲಿನ ಎರಡು ತುದಿಗಳಲ್ಲಿ ಚೈಲ್ಡ್ ಸೀಟುಗಳನ್ನು ಕಟ್ಟಿ ಅವುಗಳ ತಲೆಭಾಗವನ್ನು ಗಾಡಿಗೆ ಹಿಡಿದಿಡುವ ಟಾಪ್ ಟೆದರ್ ಪಟ್ಟಿಯನ್ನು ಬಿಗಿದ ಮೇಲೆ ಆ ಸೀಟುಗಳು ಬಾಗುವುದಿಲ್ಲ, ಸೀಟು ಬಾಗದಿದ್ದರೆ ಮೂರನೆಯ ಸಾಲಿಗೆ ದಾರಿಯೇ ಇರುವುದಿಲ್ಲ. ಹೇಗೋ ನುಸುಳಿ ಹೋಗಿ ಕೂತರೂ ಮಂಡಿ ಎದೆಗೆ ಬರುತ್ತದೆ. ಮೂರೂ ಸಾಲು ತುಂಬಿದಾಗ ಡಿಕ್ಕಿಯಲ್ಲಿ ಉಳಿಯುವುದು ಒಂದು ಕುಕ್ಕರ್ ಮತ್ತು ತರಕಾರಿ ಚೀಲ ಹಿಡಿಸುವಷ್ಟು ಜಾಗ. ವಿಮಾನ ನಿಲ್ದಾಣದಿಂದ ಅಪ್ಪ ಅಮ್ಮನನ್ನು ಅವರ ಸೂಟ್‌ಕೇಸುಗಳ ಸಮೇತ ಕರೆತರಲು ಎರಡು ಗಾಡಿ ಬೇಕಾಗುವುದಾದರೆ ಏಳು ಸೀಟಿಗೆ ಅರ್ಥವಿಲ್ಲ.

ಅಲ್ಲಿಂದ ವ್ಯಾನುಗಳ ಕಡೆಗೆ ತಿರುಗಿದೆ. ಟೊಯೋಟಾ ಟರಾಗೊ ಆಸ್ಟ್ರೇಲಿಯಾದಲ್ಲಿ 1983ರಿಂದ 2019ರ ತನಕ ಮಾರಾಟವಾದ ಗಾಡಿ. ಒಳ್ಳೆಯ ಸ್ಥಿತಿಯಲ್ಲಿರುವುದನ್ನು ಇಟ್ಟುಕೊಂಡವರು ಸುಲಭಕ್ಕೆ ಮಾರುವುದಿಲ್ಲ, ಮಾರಿದರೆ ಬೆಲೆ ಇಳಿಸುವುದಿಲ್ಲ. ಹೋಂಡಾ ಒಡಿಸ್ಸಿ ನನಗೆ ಬಹಳ ಹಿಡಿಸಿತ್ತು. ನೆಲ ತಗ್ಗಾಗಿರುವುದರಿಂದ ಅಮ್ಮ ಸಲೀಸಾಗಿ ಹತ್ತಿದರು, ಹಿಂದಿನ ಸಾಲು ನೆಲದೊಳಕ್ಕೆ ಮಡಚಿಕೊಳ್ಳುತ್ತದೆ. ಆದರೆ ಹಾಸಿಗೆ ಹಾಕಿದ ಮೇಲೆ ಒಳಗೆ ಎದ್ದು ಕೂರುವುದು ಅಪ್ಪನಿಗೆ ಕಷ್ಟವಾಯಿತು. ಹ್ಯುಂಡೈ ಐಮ್ಯಾಕ್ಸ್‌ನಲ್ಲಿ ಎಂಟು ಜನ ಕೂತರೂ ಹಿಂದೆ 851 ಲೀಟರ್ ಡಿಕ್ಕಿ ಉಳಿಯುತ್ತದೆ, ಹಿಂಚಕ್ರ ಚಾಲನೆಯ ಗಟ್ಟಿ ಗಾಡಿ. ಆದರೆ ಅದರ ಮೂರನೆಯ ಸಾಲು ಚಪ್ಪಟೆಯಾಗಿ ಮಡಚುವುದಿಲ್ಲ. ಮಲಗುವ ಜಾಗ ಬೇಕೆನ್ನುವವರಿಗೆ ಅಲ್ಲಿಗೆ ಮಾತು ಮುಗಿಯಿತು. ಫೋಕ್ಸ್‌ವ್ಯಾಗನ್ ಮಲ್ಟಿವ್ಯಾನಿನ ಹಳಿಗಳ ಮೇಲೆ ಜಾರುವ ಸೀಟು, ಹಾಸಿಗೆಯಾಗುವ ಬೆಂಚು ಇವುಗಳ ಮುಂದೆ ನನ್ನ ಹಲಗೆ ಏನೂ ಅಲ್ಲ ಎಂದು ಒಪ್ಪುತ್ತೇನೆ, ಬೆಲೆ ಮಾತ್ರ ನಮ್ಮ ಕೈಗೆ ಮೀರಿದ್ದು. ಜಪಾನಿನಿಂದ ತರಿಸಿದ ಟೊಯೋಟಾ ಎಸ್ಟಿಮಾ ಹೈಬ್ರಿಡ್ ಕೊಳ್ಳುವವರು ಬೇರೇನನ್ನು ನೋಡದಿದ್ದರೂ ಟಾಪ್ ಟೆದರ್ ಕೊಂಡಿಗಳು ಇವೆಯೇ ಎಂದು ಕೈಯಿಂದ ಮುಟ್ಟಿ ನೋಡಿಯೇ ಹಣ ಕೊಡಬೇಕು.

ಕಾರ್ನಿವಲ್ ಗೆದ್ದದ್ದು ಅದರ ಹಿಂಬದಿಯ ಗುಂಡಿಯಿಂದ. ಮೂರನೆಯ ಸಾಲನ್ನು ಎತ್ತಿಟ್ಟಾಗ ಅದರ ಹಿಂದೆ ಹಗೇವಿನಂಥ ಆಳವಾದ ಜಾಗವಿರುತ್ತದೆ, ಸೂಟ್‌ಕೇಸುಗಳು ನಿಂತೇ ಹೋಗುತ್ತವೆ. ಅದೇ ಸಾಲನ್ನು 60:40 ಪಾಲಿನಲ್ಲಿ ಆ ಗುಂಡಿಯೊಳಕ್ಕೆ ಇಳಿಸಿದರೆ ನೆಲ ಸಮವಾಗುತ್ತದೆ. ಎರಡನೆಯ ಸಾಲನ್ನು ಮುಂದಕ್ಕೆ ಸರಿಸಿ ನಿಲ್ಲಿಸಿದರೆ ಹಿಂಬಾಗಿಲಿನವರೆಗೆ ಆರಡಿಯ ಆಸುಪಾಸು ಜಾಗ ಸಿಗುತ್ತದೆ, ಅಪ್ಪ ಐದಡಿ ಆರಂಗುಲ. ಹೊರಗಿನ ಎತ್ತರ ಸುಮಾರು 1.75 ಮೀಟರ್ ಮಾತ್ರ, ಶಾಪಿಂಗ್ ಸೆಂಟರಿನ ಪಾರ್ಕಿಂಗಿಗೆ ಯೋಚಿಸದೆ ನುಗ್ಗಬಹುದು. ಜಾರುಬಾಗಿಲಿನ ಬೆಲೆ ತಿಳಿಯುವುದು ಅಲ್ಲಿಯೇ: ಪಕ್ಕದ ಗಾಡಿ ಎಷ್ಟೇ ಹತ್ತಿರ ನಿಂತಿದ್ದರೂ ಮಗುವಿನ ಬೆಲ್ಟನ್ನು ನೆಟ್ಟಗೆ ನಿಂತು ಹಾಕಬಹುದು.

ಕೊಂಡ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಣ ಸೋರಿದ್ದು ಅಲ್ಲಿ. ಮೊದಲು ಮೆಚ್ಚಿದ ಗಾಡಿಯನ್ನು ಮೆಕ್ಯಾನಿಕ್ಕಿಗೆ ತೋರಿಸಲು ಮುನ್ನೂರು ಡಾಲರಿನಷ್ಟು ಖರ್ಚಾಯಿತು. ಎಡಗಡೆಯ ಜಾರುಬಾಗಿಲಿನ ಹಳಿಯನ್ನು ಅಪಘಾತದ ನಂತರ ಬೆಸುಗೆ ಹಾಕಿ ಸರಿಪಡಿಸಿದ್ದನ್ನು ಅವನು ಪತ್ತೆಹಚ್ಚಿದ. ಎರಡನೆಯದರಲ್ಲಿ ಹಿಂಬದಿಯ ಎಸಿ ಬಿಸಿಗಾಳಿ ಊದುತ್ತಿತ್ತು, ಮಾರುವವನು ಬರೀ ಗ್ಯಾಸ್ ತುಂಬಿಸಿದರೆ ಸಾಕೆಂದ, ನಾನು ಎದ್ದು ಬಂದೆ. ಮೂರನೆಯ ಸಾಲಿನಲ್ಲಿ ಜನ ಕೂರುವ ಗಾಡಿಯಲ್ಲಿ ಹಿಂದಿನ ಎಸಿ ಕೆಟ್ಟಿದ್ದರೆ ಜನವರಿಯ ನಲವತ್ತು ಡಿಗ್ರಿಯಲ್ಲಿ ಪ್ರಯಾಣವೇ ಸಾಧ್ಯವಿಲ್ಲ. ಕೊನೆಗೆ ಸಿಕ್ಕಿದ್ದು 2018ರ ಗಾಡಿ, ತೊಂಬತ್ತು ಸಾವಿರ ಕಿಲೋಮೀಟರಿನ ಆಸುಪಾಸು ಓಡಿತ್ತು, ಮೂವತ್ತೆರಡು ಸಾವಿರ ಡಾಲರಿನ ಹತ್ತಿರ ಬಿತ್ತು. ಇಲ್ಲಿ ಕಿಯಾ ಏಳು ವರ್ಷದ ವಾರಂಟಿ ಕೊಡುವುದರಿಂದ ಅದರ ಒಂದಿಷ್ಟು ಪಾಲು ನನಗೂ ಉಳಿದಿತ್ತು. ಕೊನೆಯ ಏಳುನೂರು ಡಾಲರ್ ಇಳಿಸಿದ ಮಾತು ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಇನ್ನೊಮ್ಮೆ ನನಗೇ ಬೇಕಾಗಬಹುದು.

ಡೀಸೆಲ್ ಬೇಡವೆಂದವರ ಮಾತಿನಲ್ಲಿ ಅರ್ಧ ಸತ್ಯವಿದೆ. ದಿನವೂ ಎರಡು ಮೂರು ಕಿಲೋಮೀಟರಿನ ಶಾಲೆಯ ಓಡಾಟವಷ್ಟೇ ಆದರೆ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ತನ್ನನ್ನು ಸುಟ್ಟು ಶುದ್ಧಗೊಳಿಸಿಕೊಳ್ಳುವಷ್ಟು ಬಿಸಿಯಾಗುವುದೇ ಇಲ್ಲ, ಕಟ್ಟಿಕೊಳ್ಳುತ್ತದೆ, ಬದಲಿಸಲು ಸಾವಿರಗಟ್ಟಲೆ ಡಾಲರ್ ಬೇಕು. ಅಂಥವರು ಪೆಟ್ರೋಲ್ ವಿ6 ಎಂಜಿನ್ನಿನದನ್ನು ಕೊಳ್ಳುವುದೇ ಮೇಲು. ನಾನು ವಾರಕ್ಕೊಮ್ಮೆಯಾದರೂ ಫ್ರೀವೇಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸುವುದನ್ನು ನಿಯಮ ಮಾಡಿಕೊಂಡಿದ್ದೇನೆ, ಈವರೆಗೆ ಎಚ್ಚರಿಕೆಯ ದೀಪ ಹೊತ್ತಿಲ್ಲ. ತುಂಬಿದ ಗಾಡಿಯಲ್ಲಿ ದೂರದ ದಾರಿಗೆ ನೂರು ಕಿಲೋಮೀಟರಿಗೆ ಎಂಟೂವರೆ ಲೀಟರಿನಷ್ಟು ಕುಡಿಯುತ್ತದೆ, ಊರೊಳಗೆ ಹತ್ತರ ಮೇಲೆ.

ಇನ್ನು ಹಲಗೆಯ ವಿಷಯ. ಹನ್ನೆರಡು ಮಿಲಿಮೀಟರ್ ಪ್ಲೈವುಡ್, ಕೀಲು ಹಾಕಿದ ಎರಡು ತುಂಡು, ಮೇಲೆ ನಾಲ್ಕು ಅಂಗುಲದ ಫೋಮ್; ಒಟ್ಟು ಐನೂರು ಡಾಲರಿನೊಳಗೆ. ಮೊದಲು ಒಂಬತ್ತು ಮಿಲಿಮೀಟರಿನದನ್ನು ಬಳಸಿದಾಗ ಅಪ್ಪ ಮಗ್ಗುಲು ಬದಲಿಸಿದಾಗಲೆಲ್ಲ ನಡು ಬಾಗಿ ಅಮ್ಮನಿಗೆ ಎಚ್ಚರವಾಗುತ್ತಿತ್ತು. ಎರಡಂಗುಲದ ಫೋಮೂ ಹಿರಿಯರ ಸೊಂಟಕ್ಕೆ ಸಾಲಲಿಲ್ಲ. ಈಗ ಹಿಂಬಾಗಿಲನ್ನು ಎತ್ತಿದರೆ ಹಾಸಿಗೆಯ ಅಂಚು ಅಮ್ಮನ ಮಂಡಿಯ ಮಟ್ಟಕ್ಕಿಂತ ಸ್ವಲ್ಪ ಮೇಲಿರುತ್ತದೆ. ಅವರು ಮಂಚದ ಮೇಲೆ ಕೂತಂತೆ ಕೂತು, ಕಾಲುಗಳನ್ನು ಒಳಗೆಳೆದುಕೊಂಡು ಮಲಗುತ್ತಾರೆ. ಗಾಡಿಯ ನೆಲಕ್ಕೆ ಒಂದೇ ಒಂದು ತೂತನ್ನೂ ಕೊರೆಯದೆ, ದಾರಿಯಲ್ಲಿ ಕಟಕಟ ಸದ್ದಾಗದಂತೆ ಈ ಹಲಗೆಯನ್ನು ಹಿಡಿದಿಟ್ಟಿರುವ ಉಪಾಯ ನನ್ನ ಸ್ವಂತದ್ದು. ಬಂದು ನೋಡಿದವರಿಗೆ ತೋರಿಸುತ್ತೇನೆ, ಬರೆದು ತೋರಿಸುವುದಿಲ್ಲ.

ಕೂರುವ ಕ್ರಮಕ್ಕೆ ಬಹಳ ತಲೆ ಕೆಡಿಸಿಕೊಂಡೆವು. ಅಪ್ಪ ಮುಂದೆ ನನ್ನ ಪಕ್ಕ. ಎರಡನೆಯ ಸಾಲಿನ ಬಲ ಮತ್ತು ನಡುವಿನ ಸೀಟುಗಳಲ್ಲಿ ಮಕ್ಕಳು, ಫುಟ್‌ಪಾತಿಗೆ ಹತ್ತಿರವಾದ ಎಡಗಡೆ ಅಮ್ಮ. ಎಡದ ಸೀಟಿಗೆ ಚೈಲ್ಡ್ ಸೀಟ್ ಕಟ್ಟದಿರುವುದರಿಂದ ಅದು ಬಾಗುತ್ತದೆ, ಅದನ್ನು ಬಾಗಿಸಿ ನನ್ನ ಹೆಂಡತಿ ಮೂರನೆಯ ಸಾಲಿಗೆ ಹೋಗಿ ಕೂರುತ್ತಾಳೆ, ಆ ಸಾಲಿನ ಇನ್ನೊಂದು ಪಾಲು ನೆಲದೊಳಕ್ಕೆ ಇಳಿದಿರುತ್ತದೆ. ಅಲ್ಲಿ ಹಲಗೆ, ಟೆಂಟು, ಫ್ರಿಜ್ ಮೂರೂ ಹೋಗುತ್ತವೆ. ಹಿಂದೆ ಕೂತವಳಿಗೆ ದಾರಿ ಬೇಸರವೆಂದು ನಾನು ಅಂದುಕೊಂಡಿದ್ದೆ. ಮಕ್ಕಳ ಬೇಡಿಕೆಗಳಿಂದ ದೂರವಿರುವ ಆ ಸೀಟನ್ನು ಅವಳು ಈಗ ಬಿಟ್ಟುಕೊಡುವುದಿಲ್ಲ.

ಸಾಮಾನಿಗೆ ಜಾಗ ಹುಡುಕುವ ಪ್ರಯೋಗಗಳಲ್ಲಿ ಕೆಲವು ಕೈಕೊಟ್ಟವು. ಚಾವಣಿಯ ಮೇಲೆ ಕಟ್ಟುವ ಬಟ್ಟೆಯ ಚೀಲ ಮೊದಲ ಮಳೆಗೇ ಸೋರಿ ಹೊದಿಕೆಗಳನ್ನೆಲ್ಲ ನೆನೆಸಿತು. ಗಟ್ಟಿ ಪ್ಲಾಸ್ಟಿಕ್ಕಿನ ಪೆಟ್ಟಿಗೆಗೆ ಎಂಟುನೂರು ಡಾಲರ್ ಕೊಟ್ಟೆ. ಮಳೆ ತಡೆಯಿತು, ಆದರೆ ಗಾಡಿಯ ಎತ್ತರ ಎರಡು ಮೀಟರ್ ದಾಟಿ ಪಾರ್ಕಿಂಗಿನ ಅನುಕೂಲ ಹೋಯಿತು, ಡೀಸೆಲ್ ಖರ್ಚೂ ಹೆಚ್ಚಿತು. ಅದನ್ನು ಅರ್ಧ ಬೆಲೆಗೆ ಮಾರಿದೆ. ಬಾಡಿಗೆಯ ಸಣ್ಣ ಟ್ರೇಲರ್ ಎಳೆದು ನೋಡಿದೆ, ಕ್ಯಾಂಪಿನ ಜಾಗದಲ್ಲಿ ಹಿಂದಕ್ಕೆ ತಿರುಗಿಸುವಷ್ಟರಲ್ಲಿ ಎಲ್ಲರಿಗೂ ಸಾಕಾಯಿತು. ಕೊನೆಗೆ ಸಾಮಾನನ್ನೇ ಕಡಿಮೆ ಮಾಡಿ, ತುಂಬಿದ ಗಾಡಿಯನ್ನು ವೇಬ್ರಿಡ್ಜಿಗೆ ಹತ್ತಿಸಿ ತೂಗಿಸಿದೆ. ಇದಕ್ಕೆ ತಗಲುವುದು ಇಪ್ಪತ್ತು ಮೂವತ್ತು ಡಾಲರ್. ಆರು ಜನ, ನೀರು, ಫ್ರಿಜ್ ಎಲ್ಲ ಸೇರಿದಾಗ ಕಂಪನಿ ನಿಗದಿಪಡಿಸಿದ ಒಟ್ಟು ತೂಕಕ್ಕೆ ಎಷ್ಟು ಹತ್ತಿರ ಬಂದಿರುತ್ತೇವೆಂಬುದನ್ನು ಕಣ್ಣಳತೆಯಲ್ಲಿ ಹೇಳಲಾಗದು.

ಫ್ರಿಜ್ಜಿನ ಪ್ರಯೋಗ ಮಾತ್ರ ಚೆನ್ನಾಗಿ ಫಲಿಸಿತು. ನಲವತ್ತು ಲೀಟರಿನ ಹನ್ನೆರಡು ವೋಲ್ಟ್ ಫ್ರಿಜ್ಜಿಗೆ ಬೇಸಿಗೆಯಲ್ಲಿ ದಿನಕ್ಕೆ ಮೂವತ್ತೈದು ನಲವತ್ತು ಆಂಪಿಯರ್ ಅವರ್ ವಿದ್ಯುತ್ ಬೇಕು, ನೂರರ ಲಿಥಿಯಂ ಬ್ಯಾಟರಿ ಎರಡು ದಿನ ತಳ್ಳುತ್ತದೆ. ಗಾಡಿಯಿಂದ ನೇರವಾಗಿ ಚಾರ್ಜ್ ಮಾಡಲು ಹೋದರೆ ಪೂರ್ತಿ ತುಂಬುವುದಿಲ್ಲ, ನಡುವೆ ಡಿಸಿ-ಡಿಸಿ ಚಾರ್ಜರ್ ಬೇಕು. ಮೊಸರು ಕೆಡದೆ ಉಳಿಯಿತೆಂದರೆ ನಮ್ಮ ಮನೆಯಲ್ಲಿ ಪ್ರವಾಸ ಅರ್ಧ ಗೆದ್ದಂತೆ. ಅಕ್ಕಿರೊಟ್ಟಿ ಮಾತ್ರ ಗಾಳಿಯಲ್ಲಿ ಗ್ಯಾಸ್ ಒಲೆಯ ಮೇಲೆ ಸರಿಯಾಗಿ ಬೇಯಲಿಲ್ಲ. ಒಲೆಗೆ ಮೂರು ಕಡೆ ತಗಡಿನ ತಡೆ ಕಟ್ಟಿದ ಮೇಲೆ ಬೆಂದಿತು. ಒಲೆಯನ್ನು ಗಾಡಿಯೊಳಗೆ ಎಂಥ ಮಳೆಯಲ್ಲೂ ಹೊತ್ತಿಸಕೂಡದು, ಮುಚ್ಚಿದ ಜಾಗದಲ್ಲಿ ಕಾರ್ಬನ್ ಮಾನಾಕ್ಸೈಡ್ ಜೀವ ತೆಗೆಯುತ್ತದೆ.

ಫೋರ್ ವೀಲ್ ಡ್ರೈವ್ ಬೇಕೆಂಬ ವಾದಕ್ಕೆ ನನ್ನ ಉತ್ತರ ವಿಲ್ಸನ್ಸ್ ಪ್ರೊಮಾಂಟರಿ ರಾಷ್ಟ್ರೀಯ ಉದ್ಯಾನದ ಟೈಡಲ್ ರಿವರ್ ಕ್ಯಾಂಪು. ಮೆಲ್ಬರ್ನಿನಿಂದ ಮೂರು ಗಂಟೆಯ ದಾರಿ, ಕ್ಯಾಂಪಿನವರೆಗೂ ಡಾಂಬರು, ಸ್ನಾನಕ್ಕೆ ಬಿಸಿನೀರು. ಗ್ರಾಂಪಿಯನ್ಸ್ ಬೆಟ್ಟಗಳ ಹಾಲ್ಸ್ ಗ್ಯಾಪ್ ಕೂಡ ಹಾಗೆಯೇ. ಹಿರಿಯರೂ ಮಕ್ಕಳೂ ಇರುವ ಸಂಸಾರ ಶೌಚಾಲಯವಿಲ್ಲದ ಮಣ್ಣುದಾರಿಯ ಕೊನೆಗೆ ಹೋಗುವುದು ಅಪರೂಪ. ಅದಕ್ಕಾಗಿ ಹದಿನೈದು ಇಪ್ಪತ್ತು ಸಾವಿರ ಡಾಲರ್ ಹೆಚ್ಚು ಕೊಡಬೇಕಿಲ್ಲ. ಟೈಡಲ್ ರಿವರಿನಲ್ಲಿ ವ್ಯಾನಿಗೆ ಇನ್ನೊಂದು ಉಪಯೋಗವಿದೆ. ಅಲ್ಲಿನ ವೊಂಬ್ಯಾಟ್ ಎಂಬ ಕಾಡುಪ್ರಾಣಿಗಳು ಊಟದ ವಾಸನೆ ಹಿಡಿದು ರಾತ್ರಿ ಟೆಂಟಿನ ಬಟ್ಟೆಯನ್ನೇ ಹರಿದು ನುಗ್ಗುತ್ತವೆ, ಆದ್ದರಿಂದ ತಿಂಡಿ, ಹಣ್ಣು, ಚಟ್ನಿಪುಡಿಯ ಡಬ್ಬಿ ಎಲ್ಲವೂ ಕತ್ತಲಾಗುವ ಮೊದಲೇ ವ್ಯಾನಿನೊಳಗೆ ಅಪ್ಪನ ಕಾಲ ಬದಿಗೆ ಸೇರುತ್ತವೆ.

ಒಳಗೆ ಇಬ್ಬರು ಉಸಿರಾಡಿದರೆ ಬೆಳಗಾಗುವಷ್ಟರಲ್ಲಿ ಗಾಜೆಲ್ಲ ಬೆವರಿ ಹಾಸಿಗೆಯ ಅಂಚು ಒದ್ದೆಯಾಗುತ್ತದೆ. ಬೆಳ್ಳಿ ಬಣ್ಣದ ಗುಳ್ಳೆ ಹಾಳೆಯನ್ನು ಕಿಟಕಿಯ ಆಕಾರಕ್ಕೆ ಕತ್ತರಿಸಿ ಹಚ್ಚಿದರೆ ಚಳಿ ನಿಂತಿತೇ ಹೊರತು ಬೆವರು ನಿಲ್ಲಲಿಲ್ಲ. ಎದುರುಬದುರಿನ ಎರಡು ಕಿಟಕಿಗಳನ್ನು ಎರಡು ಬೆರಳಿನಷ್ಟು ಇಳಿಸಿ ಸೊಳ್ಳೆಪರದೆಯ ಪಟ್ಟಿಯನ್ನು ಸಿಕ್ಕಿಸಿದ ಮೇಲೆ ನಿಂತಿತು.

ಇವತ್ತು ಕೊಳ್ಳುವವರು 2021ರಿಂದ ಇಲ್ಲಿ ಮಾರಾಟದಲ್ಲಿರುವ ಹೊಸ ತಲೆಮಾರಿನ ಕಾರ್ನಿವಲ್ಲನ್ನೂ ಹ್ಯುಂಡೈ ಸ್ಟಾರಿಯಾವನ್ನೂ ಒಟ್ಟಿಗೆ ನೋಡಬೇಕು. ಎಲ್ಲ ಸೀಟೂ ಬಳಕೆಯಲ್ಲಿದ್ದಾಗ ಕಾರ್ನಿವಲ್ಲಿಗೆ 627 ಲೀಟರ್, ಸ್ಟಾರಿಯಾಗೆ 831 ಲೀಟರ್ ಡಿಕ್ಕಿ ಎಂದು ಕಾಗದದಲ್ಲಿದೆ. ಹಾಸಿಗೆಯ ಲೆಕ್ಕ ಲೀಟರಿನಲ್ಲಿ ಸಿಗುವುದಿಲ್ಲವಾದ್ದರಿಂದ, ಟೇಪು, ಚೈಲ್ಡ್ ಸೀಟುಗಳು, ದೊಡ್ಡ ಸೂಟ್‌ಕೇಸು ಮತ್ತು ಮನೆಯ ಹಿರಿಯರನ್ನು ಕರೆದುಕೊಂಡೇ ಹೋಗಬೇಕು. ಮಾರುವವರು ಮುಖ ಸಿಂಡರಿಸಿದರೂ ಚಿಂತೆಯಿಲ್ಲ, ಅಪ್ಪ ಅಲ್ಲಿಯೇ ಶೋರೂಮಿನಲ್ಲಿ ಕಾಲು ಚಾಚಿ ಮಲಗಿ ನೋಡಿದ ಮೇಲೆಯೇ ಮುಂಗಡ ಕೊಡಬೇಕು. ನನ್ನ ಹಲಗೆಯ ಅಳತೆ ಹೊಸ ಗಾಡಿಗಳಿಗೆ ಹೊಂದುವುದಿಲ್ಲ, ಬೇಕಾದವರು ತಮ್ಮ ಗಾಡಿಯ ನೆಲಕ್ಕೆ ರಟ್ಟು ಹಾಸಿ ಕತ್ತರಿಸಿ ನೋಡಿ ಆಮೇಲೆ ಪ್ಲೈವುಡ್ಡಿಗೆ ಗರಗಸ ಹಾಕಲಿ.