ಹಗುರ ಗುಂಡು: ಮೂರು ಸೀಸನ್ ಪೆಟ್ಟು ತಿಂದ ಮೇಲೆ

ಹೋದ ಸೀಸನ್‌ನಲ್ಲಿ ಪಾಟರ್ ಕೌಂಟಿಯ ಕಾಡಿನಲ್ಲಿ, ನಾನೇ ತುಂಬಿದ ಹಗುರ ಗುಂಡಿಗೆ ನನ್ನ ನಾಲ್ಕನೆಯ ಜಿಂಕೆಯೂ ನಲವತ್ತು ಹೆಜ್ಜೆ ದಾಟದೆ ಬಿತ್ತು. ನನ್ನ ಭಾವಮೈದ ಇಪ್ಪತ್ತು ಡಾಲರ್ ನೋಟು ತೆಗೆದು ನನ್ನ ಕಿತ್ತಳೆ ಜಾಕೆಟ್ಟಿನ ಜೇಬಿಗೆ ತುರುಕಿದ. ಮಾತಿಲ್ಲ ಕತೆಯಿಲ್ಲ. "ಭಾವ, 130 ಗ್ರೇನ್ ಏನು ಮೊಲಕ್ಕಾ?" ಎಂದು ವರ್ಷಗಟ್ಟಲೆ ಆಡಿಕೊಂಡವನು ಇವನೇ. ಗ್ರೇನ್ ಅಂದರೆ ಗುಂಡು, ಮದ್ದು ತೂಗುವ ಅಳತೆ. ಪೆನ್ಸಿಲ್ವೇನಿಯಾದಲ್ಲಿ ಯಾರನ್ನೇ ಕೇಳಿ, ನನ್ನ ರೈಫಲ್ಲಿನಂಥ .308 ತೋಟಾಕ್ಕೆ ಗುಂಡಿನ ತೂಕ ಅಂದರೆ 150, 165, ಇಲ್ಲವೇ 180. ಪಕ್ಕದ ಮನೆಯ ಅಜ್ಜ, ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು, ನಲವತ್ತು ವರ್ಷದಿಂದ ತಮ್ಮ .30-06 ರೈಫಲ್ಲಿಗೆ 180 ಬಿಟ್ಟು ಬೇರೆ ಹಾಕಿಲ್ಲ. ನನ್ನ ಗುಂಡನ್ನು ಅಂಗೈಯಲ್ಲಿ ತೂಗಿ ನೋಡಿ ವಾಪಸ್ ಕೊಟ್ಟರು, ಮಗುವಿನ ಆಟಿಕೆ ಕೊಟ್ಟ ಹಾಗೆ.

ರೀಲೋಡಿಂಗ್, ಅಂದರೆ ಹಾರಿಸಿದ ತೋಟಾದ ಹಿತ್ತಾಳೆ ಕೇಸಿಗೆ ಮತ್ತೆ ಮದ್ದು, ಗುಂಡು ತುಂಬುವುದು, ನನಗೆ ಅಮೆರಿಕದಲ್ಲಿ ಹತ್ತಿದ ಹುಚ್ಚು. ಬೀಜ ಮಾತ್ರ ತೀರ್ಥಹಳ್ಳಿ ಕಡೆಯದು. ಊರಲ್ಲಿ ನನ್ನ ಅಜ್ಜನ ಹತ್ತಿರ ಒಂದು ಕೇಪಿನ ಕೋವಿ ಇತ್ತು, ಬೆಳೆ ರಕ್ಷಣೆಯ ಲೈಸೆನ್ಸಿನದು. ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜಕಡ್ಡಿ ಹಾಕಿ ಜಡಿದು, ಮೇಲೆ ಚರೆ. ಎಲ್ಲ ಕಣ್ಣಳತೆ. ನಾರು ಬಿಡಿಸಿ ಕೊಡುವುದು ನನ್ನ ಕೆಲಸ. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬಂದ ಮೇಲೆ ಶಿಕಾರಿ ನಮ್ಮಲ್ಲಿ ಬರೀ ಜಗಲಿ ಕತೆ. ಇಲ್ಲಿ ಅಂಗಡಿಗೆ ಹೋಗಿ ಲೈಸೆನ್ಸು, ಜಿಂಕೆಗೆ ಕಟ್ಟುವ ಟ್ಯಾಗು ತೆಗೆದುಕೊಂಡು ಮರದ ಮೇಲಿನ ಮರಸಿಗೆ ಹತ್ತಿ ಕೂತಾಗ ಮೊದಲು ನೆನಪಾದದ್ದು ಆ ನಾರಿನ ವಾಸನೆ. ಅಜ್ಜನ ಕಣ್ಣಳತೆ ಇಲ್ಲಿ ನಡೆಯುವುದಿಲ್ಲ, ಅದು ಬೇರೆ ಮಾತು.

ರೈಫಲ್ಲು ರೆಮಿಂಗ್ಟನ್ 700, ಸೆಕೆಂಡ್ ಹ್ಯಾಂಡ್, 450 ಡಾಲರ್ ಕೊಟ್ಟ ನೆನಪು. 2019ರಲ್ಲಿ ತೆಗೆದುಕೊಂಡೆ. ನಮ್ಮ ರಾಜ್ಯದಲ್ಲಿ ರೈಫಲ್ ಸೀಸನ್ನಿನ ಮೊದಲ ದಿನ ಸೋಮವಾರದಿಂದ ಥ್ಯಾಂಕ್ಸ್‌ಗಿವಿಂಗ್ ಮರುದಿನದಾಚೆಯ ಶನಿವಾರಕ್ಕೆ ಬಂದ ವರ್ಷ ಅದು. ತೋಟಾ ಒತ್ತುವ ಪ್ರೆಸ್ಸು, ಅದರ ಅಚ್ಚು ಅಂದರೆ ಡೈ, ತಕ್ಕಡಿ, ಕ್ಯಾಲಿಪರ್ ಸೇರಿ ಇನ್ನೊಂದು ನಾನೂರು. ಹೊಸಬನ ಹುಮ್ಮಸ್ಸು, ಸ್ಪರ್ಧೆಯವರು ಬಳಸುವ 168 ಗ್ರೇನಿನ ಮ್ಯಾಚ್ ಗುಂಡನ್ನೇ ತುಂಬಿದೆ. ನೂರು ಗಜದಲ್ಲಿ ಮೂರು ಈಡು ಒಂದೇ ತೂತು ಅನ್ನಬಹುದು. ಫೋಟೋ ತೆಗೆದು ಊರಿಗೆಲ್ಲ ಕಳಿಸಿದೆ. ಆ ಗುಂಡು ಶಿಕಾರಿಗಲ್ಲ ಅಂತ ತಯಾರಿಸಿದವರೇ ಹೇಳುತ್ತಾರೆ, ಓದಿಯೂ ಓದದವನ ಹಾಗಿದ್ದೆ. ಒಂದು ಹೆಣ್ಣು ಜಿಂಕೆಗೆ ಎಂಬತ್ತು ಗಜದಿಂದ ಹೊಡೆದೆ. ಹಿಮದ ಮೇಲೆ ಅಲ್ಲೊಂದು ಇಲ್ಲೊಂದು ರಕ್ತದ ಹನಿ. ಹಳ್ಳದವರೆಗೆ ಸಿಕ್ಕಿತು, ಆಮೇಲೆ ಇಲ್ಲ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಮೂರು ತಾಸು, ಮರುದಿನ ಅರ್ಧ ದಿನ. ಸಿಗಲೇ ಇಲ್ಲ. ಆ ಫೋಟೋಗಳನ್ನೆಲ್ಲ ಅಳಿಸಿದೆ.

ಮರುವರ್ಷ 165 ಗ್ರೇನು, ಪ್ಲಾಸ್ಟಿಕ್ ತುದಿ, ಒಳಗೆ ಸೀಸ. ಇದು ಇನ್ನೊಂದು ತುದಿಯ ಕಷ್ಟ. ನಲವತ್ತು ಗಜದಲ್ಲಿ ಭುಜದ ಮೂಳೆಗೆ ಬಿದ್ದು ಮುಂದಿನ ಎರಡೂ ಕಾಲಿನ ಮಾಂಸ ರಕ್ತದ ಲೋಳೆ. ಹತ್ತು ಪೌಂಡ್ ಆದರೂ ಬಿಸಾಡಿದೆ. ಅದಕ್ಕಿಂತ ದೊಡ್ಡ ವಿಷಯ ನಡೆದದ್ದು ಫೆಬ್ರವರಿಯಲ್ಲಿ. ಖೀಮಾ ಉಂಡೆ ಸಾರು ಮಾಡಿದ್ದೆವು. ಮಗಳು ತಿನ್ನುತ್ತಾ ತಿನ್ನುತ್ತಾ ನಿಲ್ಲಿಸಿ, ನಾಲಿಗೆಯ ತುದಿಯಿಂದ ಏನನ್ನೋ ತೆಗೆದು ತಟ್ಟೆಯ ಅಂಚಿಗೆ ಅಂಟಿಸಿದಳು. ಸಾಸಿವೆಗಿಂತ ಚಿಕ್ಕದು, ಬೂದು ಬಣ್ಣ, ಉಗುರಿನಿಂದ ಒತ್ತಿದರೆ ಚಪ್ಪಟೆಯಾಯಿತು. ಸೀಸ. ಹೆಂಡತಿ ಏನೂ ಬೈಯಲಿಲ್ಲ. "ರೀ, ಫ್ರೀಜರಿನಲ್ಲಿ ಎಷ್ಟು ಉಳಿದಿದೆ?" ಅಂತ ಮಾತ್ರ ಕೇಳಿದಳು. ಉಳಿದದ್ದನ್ನೆಲ್ಲ ಮಣ್ಣು ಮಾಡಿದೆವು. 2008ರಲ್ಲಿ ನಾರ್ತ್ ಡಕೋಟಾದಲ್ಲಿ ಬಡವರಿಗೆ ದಾನ ಕೊಟ್ಟ ಜಿಂಕೆ ಮಾಂಸವನ್ನು ಇದೇ ಕಾರಣಕ್ಕೆ ಎಸೆಯಲು ಹೇಳಿದ್ದರು. ಕ್ಯಾಲಿಫೋರ್ನಿಯಾದಲ್ಲಿ 2019ರಿಂದ ಶಿಕಾರಿಗೆ ಸೀಸದ ಗುಂಡೇ ಕೂಡದು. ನಮ್ಮಲ್ಲಿ ಕಾನೂನು ಕೇಳುವುದಿಲ್ಲ, ನನ್ನ ಮನೆಯಲ್ಲಿ ಕೇಳಿತು.

ಹಾಗೆ ತಾಮ್ರಕ್ಕೆ ಬಂದೆ. ಬಾರ್ನ್ಸ್ ಕಂಪನಿಯ ಟಿಟಿಎಸ್‌ಎಕ್ಸ್, ಇಡೀ ಗುಂಡೇ ತಾಮ್ರ. ತೂಕ 165, ಯಾಕೆಂದರೆ ಎಲ್ಲರೂ ಅದನ್ನೇ ಹೇಳಿದರು. 2021, ಪ್ರೈಮರ್ (ಮದ್ದಿಗೆ ಕಿಡಿ ಹಚ್ಚುವ ಕೇಪು) ಬರಗಾಲದ ಕಾಲ. ಮೊದಲು ಸಾವಿರಕ್ಕೆ ಮೂವತ್ತು ಚಿಲ್ಲರೆಗೆ ಸಿಗುತ್ತಿದ್ದದ್ದಕ್ಕೆ ನೂರಕ್ಕೂ ಮೇಲೆ ಕೊಟ್ಟು ತಂದೆ. ಅಂಥ ಪ್ರೈಮರನ್ನು ಸುಟ್ಟು ಸಿಕ್ಕಿದ ಫಲ: ನೂರು ಗಜದಲ್ಲಿ ಈಡುಗಳು ಹರಡಿದ್ದು ಮೂರು ಇಂಚು. ಮೂರೂಕಾಲು. ಒಮ್ಮೆ ನಾಲ್ಕು. ಸುಮಾರು ಎಂಬತ್ತು ತೋಟಾ ಹಾಳು.

ತಪ್ಪು ಒಂದಲ್ಲ, ಮೂರಿತ್ತು. ಮೊದಲನೆಯದು, ನಳಿಗೆಯನ್ನು ತೊಳೆದಿರಲಿಲ್ಲ. ಹಳೆಯ ಗುಂಡುಗಳ ಕವಚದ ಕಿಟ್ಟದ ಮೇಲೆ ಶುದ್ಧ ತಾಮ್ರ ಉಜ್ಜಿದರೆ ಎರಡೂ ಜಗಳಕ್ಕೆ ಬೀಳುತ್ತವೆ. ಒರೆಸುವ ಬಟ್ಟೆ ತುಂಡಿನಲ್ಲಿ ತಾಮ್ರದ ನೀಲಿ ಬರುವುದು ನಿಲ್ಲುವ ತನಕ ತೊಳೆಯಲು ನನಗೆ ಎರಡು ಸಂಜೆ, ಅರ್ಧ ಬಾಟಲಿ ಸಾಲ್ವೆಂಟ್ ಬೇಕಾಯಿತು.

ಎರಡನೆಯದು ನೆಲಮಾಳಿಗೆಯ ತಕ್ಕಡಿ. ಒಂದೇ ಬಟ್ಟಲು ಮದ್ದು ಐದು ನಿಮಿಷ ಬಿಟ್ಟು ತೂಗಿದರೆ ಅರ್ಧ ಗ್ರೇನ್ ಆಚೀಚೆ. ಒಂದು ಗ್ರೇನ್ ಅಂದರೆ ಅಕ್ಕಸಾಲಿಯ ಗುಲಗಂಜಿಯ ಸರಿಸುಮಾರು ಅರ್ಧ, ಅದರಲ್ಲೂ ಅರ್ಧ ತಪ್ಪಿದರೆ ಏನಾಯಿತು ಅನ್ನಬೇಡಿ. ತಕ್ಕಡಿಯನ್ನೇ ಬಯ್ಯುತ್ತಿದ್ದೆ. ಒಂದು ದಿನ ದೇವರ ದೀಪದ ಹತ್ತಿಬತ್ತಿಯಿಂದ ಒಂದೆಳೆ ಬಿಡಿಸಿ ಮೇಲಿನ ಶೆಲ್ಫಿನಿಂದ ಇಳಿಬಿಟ್ಟೆ. ಮನೆ ಕಾಯಿಸುವ ಫರ್ನೇಸ್ ಶುರುವಾದಾಗಲೆಲ್ಲ ಎಳೆ ನನ್ನ ಕಡೆಗೆ ತಲೆಬಾಗುತ್ತಿತ್ತು. ಬಿಸಿಗಾಳಿಯ ಕಿಂಡಿ ನೇರ ಬೆಂಚಿನ ಮೇಲೆ! ತಕ್ಕಡಿಗೆ ಮೂರು ಕಡೆ ರಟ್ಟಿನ ಗೋಡೆ ಕಟ್ಟಿದೆ, ರೋಗ ವಾಸಿ. ಖರ್ಚು ಸೊನ್ನೆ. ಎಂಟುನೂರು ಡಾಲರಿನ ತಕ್ಕಡಿ ತರಲು ಹೊರಟಿದ್ದೆ.

ಮೂರನೆಯದೇ ಮುಖ್ಯ. ಸೀಸದ ಗುಂಡಿಗೆ ಮಾಡುತ್ತಿದ್ದ ಹಾಗೆ ತಾಮ್ರವನ್ನೂ ರೈಫ್ಲಿಂಗಿಗೆ (ನಳಿಗೆಯೊಳಗಿನ ಸುರುಳಿ ಗೀರು) ಹತ್ತಿರ, ಹತ್ತು ಹದಿನೈದು ಥೌ (ಇಂಚಿನ ಸಾವಿರದಲ್ಲೊಂದು ಪಾಲು) ದೂರದಲ್ಲಿ ಕೂರಿಸುತ್ತಿದ್ದೆ. ತಾಮ್ರಕ್ಕೆ ನೆಗೆತ ಬೇಕು, ಅಂದರೆ ರೈಫ್ಲಿಂಗ್ ಮುಟ್ಟುವ ಮೊದಲು ಒಂದಿಷ್ಟು ಖಾಲಿ ದಾರಿ. ಐವತ್ತು ಥೌನಿಂದ ಆಚೆಗೆ ಹುಡುಕಿ.

ಆಗ ಹೊಳೆದದ್ದು 130. ತಾಮ್ರ ಸೀಸಕ್ಕಿಂತ ಹಗುರ, ಅದೇ ತೂಕಕ್ಕೆ ಗುಂಡು ಉದ್ದ. 165 ಕೇಸಿನೊಳಗೆ ಇಳಿದು ಮದ್ದಿನ ಜಾಗ ತಿನ್ನುತ್ತದೆ, ವೇಗವೂ ಇಲ್ಲ. ತಾಮ್ರ ಅರಳಬೇಕಾದರೆ ವೇಗ ಬೇಕೇ ಬೇಕು. ಸೀಸದ ಗುಂಡು ದಾರಿಯಲ್ಲಿ ಮೂರರಲ್ಲೊಂದು ಪಾಲು ಚೆಲ್ಲಿಕೊಂಡು ಹೋಗುತ್ತದೆ ಅಂತಲೇ ನಾವು ಭಾರದ್ದನ್ನು ಹಾಕುವುದು. ಚೆಲ್ಲದ ಗುಂಡಿಗೆ ಆ ಭಾರ ಯಾಕೆ? ಇದನ್ನು ಹೇಳಿದರೆ ಭಾವಮೈದ ನಕ್ಕ, ಪಕ್ಕದ ಮನೆಯ ಅಜ್ಜ ತಲೆಯಾಡಿಸಿದರು. "ಅಷ್ಟು ಗಿಡ್ಡ ಗುಂಡು ನಿನ್ನ ನಳಿಗೆಯಲ್ಲಿ ರೈಫ್ಲಿಂಗ್ ಮುಟ್ಟುವುದೇ ಇಲ್ಲ" ಎಂದರು. ಮುಟ್ಟಬಾರದು ಅಂತಲೇ ತಾನೇ ನಾನು ಹೇಳುತ್ತಿದ್ದದ್ದು.

ಪೂರ್ತಿ ರೆಸಿಪಿ ಕೇಳಬೇಡಿ. ಮದ್ದು ಹೆಚ್ಚಿನವರು ಹಾಕುವ ವರ್ಗೆಟ್ ಅಲ್ಲ, ಅಷ್ಟು ಹೇಳುತ್ತೇನೆ. ತೂಕ ಬರೆಯುವುದಿಲ್ಲ, ನನ್ನ ನಳಿಗೆಗೆ ಸರಿಹೋದದ್ದು ನಿಮ್ಮದರಲ್ಲಿ ಒತ್ತಡ ಹೆಚ್ಚಿ ಬೋಲ್ಟ್ ಕಚ್ಚಿ ಹಿಡಿಯಬಹುದು. ಮ್ಯಾನುವಲ್ಲಿನ ಕೆಳಗಿನ ಅಂಕೆಯಿಂದ ಹತ್ತಿ. ಗುಂಡನ್ನು ಇನ್ನಷ್ಟು ಆಳಕ್ಕೆ ಕೂರಿಸಿದಾಗಲೆಲ್ಲ ಮತ್ತೆ ಕೆಳಗಿಳಿದು ಹತ್ತಿ, ಒತ್ತಡ ಏರುತ್ತದೆ. ನನ್ನ ನೆಗೆತ ಎಪ್ಪತ್ತು ಥೌ ದಾಟಿದೆ. ಗುಂಡಿನ ಮೇಲೆ ಕೇಸಿನ ಕುತ್ತಿಗೆಯ ಹಿಡಿತಕ್ಕೆ ನಾನು ಮಾಡುವ ಒಂದು ಕೆಲಸವಿದೆ, ಅದು ಭಾವಮೈದನಿಗೂ ಗೊತ್ತಿಲ್ಲ. ವೇಗ ಸೆಕೆಂಡಿಗೆ 2,950 ಅಡಿ ಆಸುಪಾಸು, ನೂರು ಗಜದಲ್ಲಿ ಈಡುಗಳ ಗುಂಪು ಒಂದು ಕ್ವಾರ್ಟರ್ ನಾಣ್ಯದಡಿ (ಇಂಚಿನೊಳಗೆ) ಮುಚ್ಚಿಹೋಗುತ್ತದೆ. ಚಳಿಯಲ್ಲೂ, ಅದೇ ಹೆಮ್ಮೆ.

ನಡುವೆ ಒಂದಿಷ್ಟು ಮಂಗಾಟ. ಹಾಲಿನ ಗ್ಯಾಲನ್ ಕ್ಯಾನುಗಳಿಗೆ ನೀರು ತುಂಬಿ ಸಾಲಾಗಿಟ್ಟು ಹೊಡೆದೆ. ಸೀಸದ 165 ನಾಲ್ಕನೆಯ ಕ್ಯಾನಿನಲ್ಲಿ ನಿಂತಿತು, ತೂಗಿದರೆ ನೂರಕ್ಕೂ ಕಡಿಮೆ, ಕವಚ ಒಂದು ಕಡೆ ತಿರುಳು ಒಂದು ಕಡೆ. ತಾಮ್ರದ 130 ಐದನೆಯದರಲ್ಲಿ ಸಿಕ್ಕಿತು. ನಾಲ್ಕು ದಳ ಅರಳಿ ಹಿಂದಕ್ಕೆ ಮಡಚಿಕೊಂಡು, ಹೂವಿನ ಹಾಗೆ. ತೂಕ 129 ಚಿಲ್ಲರೆ. ಅದನ್ನು ಪಕ್ಕದ ಮನೆಯ ಅಜ್ಜನ ಅಂಗೈಗೆ ಹಾಕಿದೆ. ಈ ಸಲ ವಾಪಸ್ ಕೊಡಲು ಸ್ವಲ್ಪ ಹೊತ್ತು ಹಿಡಿಯಿತು.

ಇನ್ನೊಂದು ಹಿತ್ತಾಳೆ ಕೇಸು ತೊಳೆಯುವ ಪ್ರಯೋಗ. ಅಮ್ಮ ಹಂಡೆ ತೊಳೆಯುತ್ತಿದ್ದ ಹಾಗೆ ಹುಣಸೆಹಣ್ಣು ಕಿವುಚಿ ನೆನೆಹಾಕಿದೆ. ಹೊಳೆದದ್ದು ಹೊಳೆಯಿತು, ಆದರೆ ಪ್ರೈಮರ್ ಕೂರುವ ಗುಳಿಯಲ್ಲೆಲ್ಲ ನಾರು. ನೂರು ಕೇಸಿಗೆ ಹಲ್ಲುಕಡ್ಡಿ ಹಾಕುತ್ತಾ ಒಂದು ಇಡೀ ಭಾನುವಾರ. ರಾತ್ರಿಯಿಡೀ ಬಿಟ್ಟ ಹತ್ತು ಕೇಸು ಗುಲಾಬಿ ಬಣ್ಣಕ್ಕೆ ತಿರುಗಿದವು, ಎಸೆದೆ. ಈಗ ಅಂಟುವಾಳದ ನೀರಿಗೆ ಒಂದು ಚಿಟಿಕೆ ನಿಂಬೆ ಉಪ್ಪು, ಹತ್ತೇ ನಿಮಿಷ. ಅಂಗಡಿಯ ಕ್ಲೀನರಿಗಿಂತ ಚೆನ್ನಾಗಿದೆ.

ಲೂಬ್ (ಕೇಸು ಜಾರಲು ಹಚ್ಚುವ ಜಿಡ್ಡು) ಕಡಿಮೆ ಹಚ್ಚಿ ಡೈಯೊಳಗೆ ಕೇಸು ಸಿಕ್ಕಿಸಿಕೊಂಡದ್ದು ಎರಡು ಸಲ. ಅದನ್ನೇನು ಬರೆಯುವುದು, ಎಲ್ಲರ ಮನೆಯದ್ದೂ ಅದೇ ಕತೆ.

ದುಡ್ಡಿನ ಲೆಕ್ಕ ಹೆಂಡತಿಯದು, ಅವಳ ನೋಟ್‌ಬುಕ್ಕಿನಲ್ಲಿದೆ. ತಾಮ್ರದ ಫ್ಯಾಕ್ಟರಿ ತೋಟಾ ಆಗ ಇಪ್ಪತ್ತಕ್ಕೆ ಐವತ್ತು, ಐವತ್ತೈದು ಡಾಲರ್ ಇತ್ತು. ನನ್ನದು ಗುಂಡಿಗೆ ಒಂದು ಡಾಲರ್, ಮದ್ದು ಮೂವತ್ತು ಸೆಂಟು (ಪೌಂಡಿಗೆ ನೂರೈವತ್ತರ ಮೇಲೆ ತೋಟಾ ಆಗುತ್ತದೆ), ಪ್ರೈಮರ್ ಹತ್ತು, ಕೇಸು ಸವೆದದ್ದಕ್ಕೆ ಇನ್ನೊಂದು ಹತ್ತು. ಒಂದಕ್ಕೆ ಒಂದೂವರೆ ಬಿತ್ತು. ಉಳಿತಾಯ ಒಂದು ಡಾಲರ್ ಚಿಲ್ಲರೆ ಅಂತ ನಾನು ಎದೆಯುಬ್ಬಿಸಿದೆ. ಅವಳು ನೋಟ್‌ಬುಕ್ ತಿರುಗಿಸಿ ತೋರಿಸಿದಳು: ಸಾಮಾನು, ಹಾಳಾದ ತೋಟಾ, ಪೆಟ್ರೋಲು ಎಲ್ಲ ಸೇರಿ ಆವತ್ತಿಗೆ 1,900. ಇನ್ನೂ ಸಾವಿರದೈನೂರು ತೋಟಾ ಹೊಡೆದರೆ ಸಮ. ಜಿಂಕೆಗೆ ವರ್ಷಕ್ಕೆ ಎರಡು ಸಾಕು. ಮಾಂಸವನ್ನು ಕಸಾಯಿಯವನಿಗೆ ಕೊಡದೆ ಗ್ಯಾರೇಜಿನಲ್ಲೇ ಕೊಯ್ಯುತ್ತೇನೆ, ನೂರಿಪ್ಪತ್ತು ಉಳಿಯಿತು ಅಂತ ಅದನ್ನೂ ಲೆಕ್ಕಕ್ಕೆ ಸೇರಿಸು ಎಂದೆ. ಸೇರಿಸಿದ್ದಾಳೆ, ಪೆನ್ಸಿಲಿನಲ್ಲಿ.

ಈ ಗುಂಡಿನಿಂದ ಮೊದಲನೆಯದು 2022ರಲ್ಲಿ, ತೊಂಬತ್ತು ಗಜ. ಮರಸಿನಿಂದ ಕೆಳಮುಖ ಹೊಡೆತ, ಭುಜದ ಹಿಂದೆ ಹೊಕ್ಕು ಆಚೆ ಪಕ್ಕೆಲುಬಿನಲ್ಲಿ ಹೊರಟಿತ್ತು. ಹೊರಟ ತೂತು ಹೆಬ್ಬೆರಳು ಹೋಗುವಷ್ಟು. ಹಿಮದ ಮೇಲೆ ಗೆರೆ ಎಳೆದ ಹಾಗೆ ರಕ್ತ, ಮೂವತ್ತು ಹೆಜ್ಜೆ ಕೊನೆಗೆ ಜಿಂಕೆ. ಹಾಳಾದ ಮಾಂಸ ಒಂದು ಹಿಡಿ. ನಲವತ್ತೈದು ಪೌಂಡ್ ಫ್ರೀಜರಿಗೆ ಹೋಯಿತು. ಎರಡನೆಯದು ನೂರೆಪ್ಪತ್ತು ಗಜ, ಮೂರನೆಯದು ಬರೀ ಇಪ್ಪತ್ತೈದು, ಅದು ನಿಂತಲ್ಲೇ ಕುಸಿಯಿತು. ನಾಲ್ಕನೆಯದರ ಇಪ್ಪತ್ತು ಡಾಲರನ್ನು ಖರ್ಚು ಮಾಡಿಲ್ಲ, ಪ್ರೆಸ್ಸಿನ ಮೇಲೆ ಪಿನ್ನು ಚುಚ್ಚಿದ್ದೇನೆ.

ಈಗ ಭಾವಮೈದನ .270 ರೈಫಲ್ಲಿಗೆ ಇದೇ ಉಪಾಯ, 110 ಗ್ರೇನು. ಸದ್ಯ ಒಂದೂಮುಕ್ಕಾಲು ಇಂಚಿನಲ್ಲಿ ಹಟ ಹಿಡಿದು ನಿಂತಿದೆ. ಮದ್ದು ಸರಿಯಿಲ್ಲ ಅಂತ ಅವನು, ನಳಿಗೆಯ ಹಳೆ ಕಿಟ್ಟ ಹೋಗಿಲ್ಲ ಅಂತ ನಾನು. ಶನಿವಾರ ತೊಳೆಯಲು ಬರುತ್ತಾನೆ. ಸಾಲ್ವೆಂಟ್ ಅವನೇ ತರಬೇಕು ಅಂತ ಹೇಳಿಯಾಗಿದೆ.