ಗಿಡುಗಗಳನ್ನು ಎಣಿಸುವ ಬಗೆ

ಗಿಡುಗ ಎಣಿಸಲು ಅಮೆರಿಕದ ಪೆನ್ಸಿಲ್ವೇನಿಯಾದ ಹಾಕ್ ಮೌಂಟನ್ ಬಂಡೆಗೆ ಬರುವುದಾದರೆ ಸೆಪ್ಟೆಂಬರ್ ಮಧ್ಯದಲ್ಲಿ, ವಾಯವ್ಯದ ಗಾಳಿ ಬೀಸುವ ದಿನ ಬನ್ನಿ. ಬ್ರಾಡ್-ವಿಂಗ್ಡ್ (ಅಗಲ ರೆಕ್ಕೆಯ) ಗಿಡುಗಗಳು ಹಿಂಡುಗಟ್ಟಿ ದಕ್ಷಿಣ ಅಮೆರಿಕದತ್ತ ಹೊರಡುವುದು ಆಗಲೇ. ಕೂರಲು ದಿಂಬು ತನ್ನಿ, ಬಂಡೆಗೆ ಕರುಣೆಯಿಲ್ಲ.

ಬರೀ ನೀಲಿ ಆಕಾಶದಲ್ಲಿ ಕಣ್ಣು ನೆಲೆ ನಿಲ್ಲುವುದಿಲ್ಲ. ಬಿಳಿ ಮೋಡದ ಅಂಚನ್ನು ದುರ್ಬೀನಿನಲ್ಲಿ ನಿಧಾನವಾಗಿ ನೋಡುತ್ತಾ ಹೋಗಿ. ಕರಿಚುಕ್ಕೆಗಳು ಗಿರಗಿರನೆ ಸುತ್ತುತ್ತಾ ಮೇಲೇರುತ್ತಿದ್ದರೆ ಎಣಿಸಲು ಹೋಗಲೇಬೇಡಿ, ಒಂದನ್ನೇ ಎರಡು ಸಲ ಎಣಿಸುತ್ತೀರಿ. ತಮ್ಮನ್ನು ಮೇಲೆತ್ತುವ ಬಿಸಿಗಾಳಿಯ ತುದಿ ಮುಟ್ಟಿದ ಮೇಲೆ ಅವು ರೆಕ್ಕೆ ಬಡಿಯದೆ ಒಂದರ ಹಿಂದೊಂದು ಜಾರತೊಡಗುತ್ತವೆ. ಕ್ಲಿಕ್ಕರ್ (ಒತ್ತಿದಾಗಲೆಲ್ಲ ಒಂದು ಎಣಿಸುವ ಕೈಯಂತ್ರ) ಒತ್ತಬೇಕಾದದ್ದು ಆಗ. ಸಾಲು ದಟ್ಟವಾದರೆ ಹತ್ತತ್ತರ ಗುಂಪು ಮಾಡಿಕೊಳ್ಳಿ. ಬಾಲದಲ್ಲಿ ಅಗಲವಾದ ಬಿಳಿ ಪಟ್ಟೆ ಕಂಡರೆ ಅದು ಬಲಿತ ಹಕ್ಕಿ.

ಗಂಟೆಗೊಮ್ಮೆ ಗಾಳಿ, ಮೋಡ, ಸಂಖ್ಯೆ ಬರೆಯಿರಿ. ಒಂದೂ ಬಾರದಿದ್ದರೆ ಸೊನ್ನೆ ಹಾಕಿ. ಖಾಲಿ ಬಿಟ್ಟ ಕಾಲಂ ಕಂಡರೆ ನನಗೆ ಸಿಟ್ಟು ಬರುತ್ತದೆ.