ಮೊದಲು ಅಡವು, ಆಮೇಲೆ ಹಾಡು

ಪ್ರತಿ ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಕೊಟ್ಟ ವಾರ, ನಮ್ಮ ಮನೆ ಜಗಲಿಯ ಮೇಲೆ ತಾಯಂದಿರು ಮಕ್ಕಳ ಕೈ ಹಿಡಿದು ನಿಂತಿರುತ್ತಾರೆ. "ಮೇಡಂ, ಇವಳು ಟಿವಿ ಮುಂದೆ ಕುಣೀತಾನೇ ಇರ್ತಾಳೆ. ಯಾವ ಡ್ಯಾನ್ಸ್‌ಗೆ ಸೇರಿಸಿದ್ರೆ ಮುಂದೆ ಎಲ್ಲದಕ್ಕೂ ಅನುಕೂಲ ಆಗುತ್ತೆ?" ಶಿವಮೊಗ್ಗದಲ್ಲಿ 22 ವರ್ಷದಿಂದ ಕಲಿಸುತ್ತಿದ್ದೇನೆ, ಈ ಪ್ರಶ್ನೆ ತಪ್ಪಿದ ವರ್ಷವಿಲ್ಲ. ನನ್ನ ಉತ್ತರವೂ ಬದಲಾಗಿಲ್ಲ: ಭರತನಾಟ್ಯದ ಅಡವು, ಅಂದರೆ ಕಾಲು, ಕೈ, ಮೈ ಸೇರಿ ಮಾಡುವ ಮೂಲ ಹೆಜ್ಜೆಗಳು. ಹೊರಗೆ 'ಭರತನಾಟ್ಯ' ಎಂದು ಬೋರ್ಡು ಇದ್ದರೆ ಸಾಲದು, ಒಳಗೆ ಅಡವು ಕಲಿಸುತ್ತಿರಬೇಕು. ಈ ಎರಡರ ನಡುವಿನ ವ್ಯತ್ಯಾಸವನ್ನು ನಾನು ಮಂಡಿ ನೋಯಿಸಿಕೊಂಡು ಕಲಿತೆ.

ನಾನು 9ನೇ ವಯಸ್ಸಿಗೆ ನಮ್ಮೂರಿನ ಒಂದು ತರಗತಿಗೆ ಸೇರಿದೆ. ಮೊದಲ ತಿಂಗಳೇ ಶಾಲಾ ವಾರ್ಷಿಕೋತ್ಸವಕ್ಕೆ ಒಂದು ದೇವರನಾಮ ಕಲಿಸಿದರು. ಚಪ್ಪಾಳೆ ಬಿತ್ತು, ಅಮ್ಮನಿಗೆ ಸಂತೋಷವಾಯಿತು. ನಾಲ್ಕು ವರ್ಷದಲ್ಲಿ 11 ಹಾಡುಗಳಿಗೆ ಕುಣಿಯಲು ಬರುತ್ತಿತ್ತು, ಮಂಡಿ ಪಕ್ಕಕ್ಕೆ ತೆರೆದು ಅರ್ಧ ಕೂರುವ ಅರೆಮಂಡಿ ಒಂದು ಸರಿಯಾಗಿ ಬರುತ್ತಿರಲಿಲ್ಲ. ಬರುವುದಿಲ್ಲ ಎಂಬುದೇ ಗೊತ್ತಿರಲಿಲ್ಲ. ಡಿಗ್ರಿ ಎರಡನೇ ವರ್ಷದಲ್ಲಿ ಎರಡೂ ಮಂಡಿಯ ಒಳಭಾಗ ನೋಯತೊಡಗಿ ಕಾಲೇಜಿನ ಮೆಟ್ಟಿಲು ಹತ್ತುವುದೇ ಕಷ್ಟವಾಯಿತು. ಮೂರು ತಿಂಗಳು ಗೆಜ್ಜೆ ಮುಟ್ಟಲಿಲ್ಲ. ಆಮೇಲೆ ಮೈಸೂರಿನಲ್ಲಿ ನನಗೆ ಸಿಕ್ಕ ಗುರುಗಳು ಒಂದೇ ಒಂದು ತಟ್ಟಡವು (ಅಂಗಾಲಿನಿಂದ ನೆಲ ತಟ್ಟುವ ಮೊದಲ ಅಡವು) ಹಾಕಿಸಿ ನೋಡಿ ಹೇಳಿದರು: "ನಿನ್ನ ಪಾದ ಪಕ್ಕಕ್ಕೆ ನೋಡ್ತಿದೆ, ಮಂಡಿ ಮುಂದಕ್ಕೆ ನೋಡ್ತಿದೆ. ಮಧ್ಯದಲ್ಲಿ ಕೀಲು ತಿರುಚಿಕೊಳ್ತಿದೆ ಮಗಳೇ." ಆ ಮೇಲೆ ಏಳು ತಿಂಗಳು, ಎಂಟು ವರ್ಷದ ಮಕ್ಕಳ ಸಾಲಿನಲ್ಲಿ ನಿಂತು ತಟ್ಟಡವು, ಕಾಲು ಚಾಚಿ ಹಿಮ್ಮಡಿ ಊರುವ ನಾಟಡವು. ಬೇರೇನೂ ಇಲ್ಲ. ನನ್ನ ಮೈಗೆ ಅಡಿಪಾಯ ಬಿದ್ದಿದ್ದು ಆ ಏಳು ತಿಂಗಳಲ್ಲಿ.

ಅಡವೇ ಯಾಕೆ ಎಂದರೆ, ಅದು ಒಂದೇ ಸಲಕ್ಕೆ ನಾಲ್ಕು ಕೆಲಸ ಕಲಿಸುತ್ತದೆ. ಕೆಳಗೆ ಕೂತ ಕಾಲು ತಾಳ ಹಿಡಿಯುತ್ತದೆ, ಮೇಲೆ ಬೆನ್ನು ಅಲುಗದೆ ನಿಲ್ಲುತ್ತದೆ, ಕೈ ಇನ್ನೊಂದು ರೇಖೆ ಎಳೆಯುತ್ತದೆ, ಕಣ್ಣು ಆ ಕೈಯ ಹಿಂದೆ ಹೋಗುತ್ತದೆ. ಅದನ್ನೇ ವಿಳಂಬ (ನಿಧಾನ), ಮಧ್ಯ, ದ್ರುತ (ವೇಗ) ಎಂದು ಮೂರು ಕಾಲದಲ್ಲಿ ಮಾಡಿಸುತ್ತಾರೆ. ತಂಜಾವೂರಿನ ನಾಲ್ವರು ಸಹೋದರರು, ಚಿನ್ನಯ್ಯ, ಪೊನ್ನಯ್ಯ, ಶಿವಾನಂದಂ, ವಡಿವೇಲು, 19ನೇ ಶತಮಾನದಲ್ಲಿ ಈ ಕಲಿಕೆಗೆ ಒಂದು ಕ್ರಮ ಕೊಟ್ಟವರು. ಅವರಲ್ಲಿ ಚಿನ್ನಯ್ಯ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದಿದ್ದರು. ಸುಲಭದಿಂದ ಕಷ್ಟಕ್ಕೆ, ಒಂದು ತಟ್ಟಿನಿಂದ ಮೂರು ತಟ್ಟಿಗೆ, ನಿಂತಲ್ಲಿಂದ ಚಲನೆಗೆ ಹೋಗುವ ಆ ಮೆಟ್ಟಿಲುಗಳನ್ನು ಹತ್ತಿದ ಮಗು ಮುಂದೆ ಸಿನಿಮಾ ನೃತ್ಯಕ್ಕೆ ಹೋಗಲಿ, ಸಮಕಾಲೀನ ನೃತ್ಯಕ್ಕೆ ಹೋಗಲಿ, ಹೇಳಿಕೊಟ್ಟಿದ್ದನ್ನು ಬೇಗ ಹಿಡಿಯುತ್ತದೆ. ನನ್ನಲ್ಲಿ ಕಲಿತು ಬೆಂಗಳೂರಿಗೆ ಹೋದ ಮೂವರು ಮಕ್ಕಳಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ.

ಸೇರಿಸುವ ಮೊದಲು ಒಂದು ಸಂಜೆ ಕೂತು ನೋಡಿ

ಫೀಸು ಕಟ್ಟುವ ಮೊದಲು ಒಂದು ಗಂಟೆ ತರಗತಿ ನೋಡಲು ಅವಕಾಶ ಕೇಳಿ. ಕೊಡದಿದ್ದರೆ ಬೇರೆ ಕಡೆ ಹೋಗಿ. ಕೂತಾಗ ಮುಂದಿನ ಸಾಲಿನ ಚೂಟಿ ಹುಡುಗಿಯನ್ನು ನೋಡಬೇಡಿ, ಹಿಂದಿನ ಸಾಲಿನ ಹೊಸ ಮಗುವನ್ನು ನೋಡಿ. ಗುರುಗಳು ಎದ್ದು ಹೋಗಿ ಅದರ ಮಂಡಿಯನ್ನೋ ಭುಜವನ್ನೋ ತಿದ್ದುತ್ತಾರಾ? ಇಲ್ಲ, ಮೊಬೈಲ್‌ನಲ್ಲಿ ಹಾಡು ಹಾಕಿ ಎಲ್ಲರೂ ಕನ್ನಡಿ ನೋಡಿಕೊಂಡು ಕುಣಿಯುತ್ತಾರಾ? ತಾಳ ಹಾಕುವ ಮರದ ತಟ್ಟುಮಣೆಯ ಮೇಲೆ ಕೋಲು ಬೀಳುವ ಸದ್ದು ಕೇಳುತ್ತದಾ? ಗುರುಗಳು ಬಾಯಲ್ಲಿ ಸೊಲ್ಲು, ಅಂದರೆ 'ತೈಯಾ ತೈ'ಯಂಥ ತಾಳದ ಅಕ್ಷರಗಳನ್ನು, ಹೇಳುತ್ತಾರಾ, ಮಕ್ಕಳಿಂದಲೂ ಹೇಳಿಸುತ್ತಾರಾ? ಆಮೇಲೆ ನೇರವಾಗಿ ಕೇಳಿ: "ಮೊದಲ ಹಾಡು ಯಾವಾಗ ಕಲಿಸ್ತೀರಿ?" ಒಂದೂವರೆ ಎರಡು ವರ್ಷ ಎಂದರೆ ಧೈರ್ಯವಾಗಿ ಸೇರಿಸಿ. ಮುಂದಿನ ತಿಂಗಳ ಕಾರ್ಯಕ್ರಮಕ್ಕೆ ರೆಡಿ ಮಾಡ್ತೀವಿ ಎಂದರೆ, ನನ್ನ ಮಂಡಿಯ ಕಥೆ ನೆನಪಿಸಿಕೊಳ್ಳಿ.

ವಯಸ್ಸಿನ ಬಗ್ಗೆ ಬಹಳ ಜನ ಆತುರಪಡುತ್ತಾರೆ. ನಮ್ಮ ಪಕ್ಕದ ಕಡೂರು ತಾಲ್ಲೂಕಿನ ತಂಗಲಿ ತಾಂಡಾದಲ್ಲಿ 1906ರಲ್ಲಿ ಹುಟ್ಟಿದ ಕೆ. ವೆಂಕಟಲಕ್ಷ್ಮಮ್ಮನವರು ಮೈಸೂರಿನ ನೃತ್ಯಗುರು ಜಟ್ಟಿ ತಾಯಮ್ಮನವರ ಬಳಿ ಕಲಿಯಲು ಹೋದಾಗ ಅವರಿಗೆ ಎಂಟು ವರ್ಷ. ಅವರು ಮೈಸೂರು ಆಸ್ಥಾನದ ನರ್ತಕಿಯಾದರು, 1992ರಲ್ಲಿ ಪದ್ಮಭೂಷಣ ಪಡೆದರು. ಹಾಗಾಗಿ ನಾಲ್ಕು ವರ್ಷದ ಮಗುವನ್ನು ಅರೆಮಂಡಿಯಲ್ಲಿ ಕೂರಿಸುವ ಅಗತ್ಯವೇನೂ ಇಲ್ಲ. ಏಳಕ್ಕಿಂತ ಚಿಕ್ಕವರನ್ನು ನಾನು ತಾಳ ಹಾಕಲು, ಓಡಲು, ಹಸ್ತಗಳ ಆಟಕ್ಕೆ ಮಾತ್ರ ಸೇರಿಸಿಕೊಳ್ಳುತ್ತೇನೆ.

ಅರೆಮಂಡಿ: ಇಲ್ಲಿ ಅವಸರ ಬೇಡ

ಇಡೀ ಕಟ್ಟಡ ನಿಲ್ಲುವುದು ಇದರ ಮೇಲೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಿಮ್ಮಡಿ ಹತ್ತಿರ ಇಟ್ಟು, ಪಾದ ಎರಡೂ ಕಡೆ ತಿರುಗಿಸಿ, ಮಂಡಿಯನ್ನು ಪಕ್ಕಕ್ಕೆ ತೆರೆದು, ಬೆನ್ನು ನೇರ ಇಟ್ಟು ಅರ್ಧ ಕೂರುವುದು. ತಿರುವು ಬರಬೇಕಾದ್ದು ಸೊಂಟದ ಕೀಲಿನಿಂದ, ಪಾದದಿಂದ ಅಲ್ಲ. ಬ್ಯಾಲೆಯವರೂ ಮಂಡಿ ಬಗ್ಗಿಸುವ ತಮ್ಮ ಪ್ಲಿಯೆ ಕಲಿಸುವಾಗ ಇದನ್ನೇ ಹೇಳುತ್ತಾರೆ. ತೊಡೆ ಎಷ್ಟು ತೆರೆಯುತ್ತದೋ ಪಾದ ಅಷ್ಟೇ ತಿರುಗಲಿ.

ಮನೆಯಲ್ಲಿ ಪರೀಕ್ಷೆ ಹೀಗೆ: ಅರೆಮಂಡಿಯಲ್ಲಿ ಕೂತು ಕತ್ತು ಬಗ್ಗಿಸಿ ನೋಡಿ. ಮಂಡಿಚಿಪ್ಪು ಕಾಲಿನ ಎರಡನೇ ಬೆರಳಿನ ನೇರಕ್ಕೆ ಇರಬೇಕು. ಮಂಡಿ ಹೆಬ್ಬೆರಳಿಗಿಂತ ಒಳಗೆ ಬಿದ್ದಿದ್ದರೆ ಪಾದವನ್ನು ಸ್ವಲ್ಪ ಮುಚ್ಚಿಕೊಳ್ಳಿ, ನಾಚಿಕೆಪಡಬೇಡಿ. ಅಭ್ಯಾಸ ಮಾಡುತ್ತ ಹೋದಂತೆ ಸೊಂಟ ನಿಧಾನವಾಗಿ ಸಡಿಲವಾಗುತ್ತದೆ. ಇನ್ನೊಂದು ಪರೀಕ್ಷೆಗೆ ಗೋಡೆ ಬೇಕು. ಗೋಡೆಗೆ ಬೆನ್ನು ಮಾಡಿ ಅರೆಮಂಡಿಯಲ್ಲಿ ಕೂತು, ನೆತ್ತಿಯ ಮಟ್ಟಕ್ಕೆ ಯಾರಾದರೂ ಸೀಮೆಸುಣ್ಣದಲ್ಲಿ ಗೆರೆ ಎಳೆಯಲಿ. ತಟ್ಟಡವು ಎಂಟು ಸುತ್ತು ಹಾಕಿದ ಮೇಲೆ ನೆತ್ತಿ ಆ ಗೆರೆಯ ಹತ್ತಿರವೇ ಇದೆಯಾ? ಬಹುತೇಕರು ನಾಲ್ಕು ಬೆರಳು ಮೇಲೆದ್ದಿರುತ್ತಾರೆ. ತಟ್ಟಲು ಕಾಲೆತ್ತಿದಾಗ ಮೈಯೂ ಜೊತೆಗೆ ಏಳುತ್ತದೆ. ಏಳಬಾರದು.

ದಿನಕ್ಕೆ 35 ನಿಮಿಷ

ನನ್ನ ಮಕ್ಕಳಿಗೆ ನಾನು ಕೊಡುವ ಅಭ್ಯಾಸ ಇಷ್ಟೇ. ಮೊದಲು 8 ನಿಮಿಷ ಮೈ ಬಿಸಿ ಮಾಡಿಕೊಳ್ಳುವುದು: ಕಣಕಾಲು ತಿರುಗಿಸುವುದು, ನಿಧಾನವಾಗಿ ಆರು ಸೂರ್ಯನಮಸ್ಕಾರ, ಹಿಮ್ಮಡಿ ಎತ್ತಿ ಇಳಿಸುವುದು 20 ಸಲ. ನಾವು ಕಲಿಯುವಾಗ ನಮಸ್ಕಾರ ಮಾಡಿ ನೇರ ತಟ್ಟಲು ಶುರು ಮಾಡುತ್ತಿದ್ದೆವು. ಅದನ್ನು ನಾನು ಬಿಟ್ಟಿದ್ದೇನೆ.

ಆಮೇಲೆ 15 ನಿಮಿಷ ತಟ್ಟಡವು, 'ತೈಯಾ ತೈ'. ಮೊದಲನೆಯದರಲ್ಲಿ ಒಂದೊಂದು ಕಾಲಿಗೆ ಒಂದು ತಟ್ಟು, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ಮೂರು. ಹಿಮ್ಮಡಿ ಹಿಂದೆ ಮೇಲಕ್ಕೆ ಬರಲಿ, ಇಡೀ ಅಂಗಾಲು ಒಂದೇ ಸಲಕ್ಕೆ ನೆಲ ಮುಟ್ಟಲಿ. ಹಿಮ್ಮಡಿ ಮೊದಲು ಬಿದ್ದರೆ ಎರಡು ಸದ್ದು ಬರುತ್ತದೆ, ಕಿವಿಗೇ ಗೊತ್ತಾಗುತ್ತದೆ. ನಿಧಾನ ಕಾಲವನ್ನು ಹೆಚ್ಚು ಮಾಡಿ. ಮಕ್ಕಳಿಗೆ ಮೂರನೇ ಕಾಲ ಇಷ್ಟ, ವೇಗದಲ್ಲಿ ತಪ್ಪು ಮುಚ್ಚಿಹೋಗುತ್ತದೆ. ವಿಳಂಬದಲ್ಲಿ ಒಂದು ತಟ್ಟಿಗೂ ಇನ್ನೊಂದಕ್ಕೂ ನಡುವೆ ಒಂಟಿ ಕಾಲಿನ ಮೇಲೆ ನಿಲ್ಲಬೇಕಾಗುತ್ತದೆ, ತೊಡೆ ನಡುಗುತ್ತದೆ. ಬಲ ಬರುವುದು ಅಲ್ಲೇ.

ಉಳಿದ 12 ನಿಮಿಷ ಬಾಯಿಗೆ ಮತ್ತು ಕೈಗೆ. ಕೂತುಕೊಂಡು ಆದಿತಾಳ ಹಾಕಿ: ಒಂದು ತಟ್ಟು, ಕಿರುಬೆರಳು, ಉಂಗುರ ಬೆರಳು, ಮಧ್ಯದ ಬೆರಳು, ಆಮೇಲೆ ತಟ್ಟಿ ತಿರುಗಿಸುವುದು ಎರಡು ಸಲ, ಒಟ್ಟು ಎಂಟು. ಅದರ ಮೇಲೆ 'ತಕದಿಮಿ' ಹೇಳಿ. ಹಿಡಿತ ಬಂದ ಮೇಲೆ ಅದೇ ಎಂಟರ ಮೇಲೆ 'ತಕಿಟ' ಎಂದು ಮೂರರ ನಡೆ. ಮುಂದೆ 'ತಕ ತಕಿಟ' ಐದು, 'ತಕಿಟ ತಕದಿಮಿ' ಏಳು, 'ತಕದಿಮಿ ತಕ ತಕಿಟ' ಒಂಬತ್ತು. ಬಸ್ಸಿನಲ್ಲಿ, ಪಾತ್ರೆ ತೊಳೆಯುವಾಗ, ಎಲ್ಲಿ ಬೇಕಾದರೂ ಹೇಳಿಕೊಳ್ಳಬಹುದು. ಬಾಯಲ್ಲಿ ಬಾರದ ಸೊಲ್ಲು ಕಾಲಲ್ಲಿ ಬಂದಿದ್ದನ್ನು ನಾನು ಇದುವರೆಗೆ ನೋಡಿಲ್ಲ. ತಟ್ಟಡವು ನಿಂತ ಮೇಲೆ ಮೂರು, ನಾಲ್ಕನೇ ತಿಂಗಳಿಗೆ ನಾಟಡವು ಸೇರಿಸಿ. ಕೂತು ಏಳುವ ಮಂಡಿ ಅಡವುಗಳಿಗೆ ಒಂದು ವರ್ಷವಾದರೂ ಆಗಲಿ.

ನೆಲದ ಬಗ್ಗೆ ಒಂದು ಮಾತು. ಕಾಂಕ್ರೀಟಿನ ಮೇಲೆ ಹಾಕಿದ ಟೈಲ್ಸ್ ಮೇಲೆ ಜೋರಾಗಿ ತಟ್ಟಬೇಡಿ, ಮೊಣಕಾಲ ಕೆಳಗಿನ ಮೂಳೆ ನೋಯುತ್ತದೆ. ನಮ್ಮ ಹಾಲಿಗೆ ನಾನು ಚಿನ್ನದ ಬಳೆ ಮಾರಿ ಮರದ ಹಲಗೆ ಹಾಕಿಸಿದೆ, ಅದಕ್ಕಿಂತ ಒಳ್ಳೆಯ ಖರ್ಚನ್ನು ನಾನು ಮಾಡಿಲ್ಲ. ಮನೆಯಲ್ಲಿ ಟೈಲ್ಸ್ ಮಾತ್ರ ಇದ್ದರೆ ಅರ್ಧ ಬಲದಲ್ಲಿ ತಟ್ಟಿ, ಆಕಾರದ ಕಡೆ ಗಮನ ಕೊಡಿ. ಜಮಖಾನದ ಮೇಲೆ ಬೇಡ, ಪಾದ ಸಿಕ್ಕಿಕೊಂಡು ಮಂಡಿ ಹೊರಳುತ್ತದೆ.

ಬೇರೆ ದಾರಿಗಳು

ಎಲ್ಲ ಊರಿನಲ್ಲೂ ಒಳ್ಳೆಯ ಭರತನಾಟ್ಯದ ಗುರು ಸಿಗುವುದಿಲ್ಲ. ಸಾಗರ, ಹೊಸನಗರದ ಕಡೆಯವರು ನನ್ನನ್ನು ಕೇಳಿದರೆ, ಹತ್ತಿರದಲ್ಲಿ ಯಕ್ಷಗಾನದ ಹೆಜ್ಜೆ ಕಲಿಸುವವರಿದ್ದರೆ ಅಲ್ಲಿಗೇ ಕಳಿಸಿ ಎನ್ನುತ್ತೇನೆ. ಚೆಂಡೆ, ಮದ್ದಳೆಯ ಎದುರು ಕುಣಿದ ಮಗುವಿಗೆ ತಾಳ ರಕ್ತದಲ್ಲಿ ಸೇರುತ್ತದೆ, ದಮ್ಮು ಬರುತ್ತದೆ, ಮಾತೂ ಬರುತ್ತದೆ. ಉಡುಪಿಯ ಯಕ್ಷಗಾನ ಕೇಂದ್ರದಂಥ ಕಡೆ ಕ್ರಮಬದ್ಧವಾಗಿಯೂ ಕಲಿಸುತ್ತಾರೆ. ಯಕ್ಷಗಾನದ ಬಡಗುತಿಟ್ಟು ಶೈಲಿಯಲ್ಲಿ ಮಂಡಿಯೂರಿ ಸುತ್ತುವ ಮಂಡಿ ಕುಣಿತವನ್ನು ಮಾತ್ರ ಚಿಕ್ಕ ಮಕ್ಕಳಿಂದ ಮಾಡಿಸಬಾರದು ಎಂಬುದು ನನ್ನ ಅಭಿಪ್ರಾಯ. ನಮ್ಮ ಜಿಲ್ಲೆಯ ಡೊಳ್ಳು ಕುಣಿತವೂ ಕಾಲಿಗೆ, ಉಸಿರಿಗೆ ದೊಡ್ಡ ತರಬೇತಿ.

ಕಥಕ್‌ನ ತತ್ಕಾರ, ಅಂದರೆ ಪಾದ ತಟ್ಟುವ ಅಭ್ಯಾಸ, ಲಯಕ್ಕೆ ಬಹಳ ಒಳ್ಳೆಯದು. ಕಥಕ್ ಗುರು ಮಾಯಾ ರಾವ್ ಅವರಿಂದಾಗಿ ಬೆಂಗಳೂರಿನಲ್ಲಿ ಎಷ್ಟೋ ಜನ ಅದನ್ನು ಕಲಿತರು. ಆದರೆ ಅಲ್ಲಿ ಕಾಲು ನೇರ ಇರುವುದರಿಂದ ಸೊಂಟದ ಕೀಲು ತೆರೆಯುವ ಕೆಲಸ ಬೇರೆಯಾಗಿ ಮಾಡಬೇಕು. ಒಡಿಸ್ಸಿಯ ಮೂಲ ನಿಲುವುಗಳಾದ ಚೌಕ, ತ್ರಿಭಂಗಿ ಎರಡೂ ಕಠಿಣ ಅಡಿಪಾಯಗಳೇ. ಹೆಸರಘಟ್ಟದ ಒಡಿಸ್ಸಿ ಶಾಲೆ ನೃತ್ಯಗ್ರಾಮದವರು ಕುಣಿಯುವುದನ್ನು ಒಮ್ಮೆ ನೋಡಿದರೆ ತರಬೇತಿ ಎಂದರೇನು ಎಂದು ಯಾರೂ ವಿವರಿಸಬೇಕಿಲ್ಲ.

ಅಡವಿನಿಂದ ಸಿಗದ್ದು ಏನು ಎಂಬುದನ್ನೂ ಹೇಳಬೇಕು. ನಮ್ಮಲ್ಲಿ ಬೆನ್ನು ಕಂಬದ ಹಾಗೆ ನಿಲ್ಲುತ್ತದೆ. ಬೆನ್ನನ್ನು ಅಲೆಯಂತೆ ಬಿಡುವುದು, ನೆಲದ ಮೇಲೆ ಉರುಳುವುದು, ಹಾರಿ ಸದ್ದಿಲ್ಲದೆ ಇಳಿಯುವುದು, ಇನ್ನೊಬ್ಬರ ಭಾರ ಹೊರುವುದು ಅಡವಿನಲ್ಲಿ ಬರುವುದಿಲ್ಲ. ಅದಕ್ಕೆ ಮೂರು ನಾಲ್ಕು ವರ್ಷ ಅಡವು ಆದ ಮೇಲೆ ಸಮಕಾಲೀನ ನೃತ್ಯದ ಕಾರ್ಯಾಗಾರಕ್ಕೆ ಕಳಿಸಿ. ಬೆಂಗಳೂರಿನಲ್ಲಿ ಅಟ್ಟಕ್ಕಲರಿಯಂಥ ಸಂಸ್ಥೆಗಳಿವೆ. ನನ್ನ ಒಬ್ಬ ವಿದ್ಯಾರ್ಥಿ ಅಂಥ ಕಡೆ ಹೋದಾಗ ಮೊದಲ ಎರಡು ತಿಂಗಳು ಅತ್ತಿದ್ದ, ಬೆನ್ನು ಬಗ್ಗುತ್ತಿರಲಿಲ್ಲ. ಮೂರನೇ ತಿಂಗಳಿಂದ ಎಲ್ಲರಿಗಿಂತ ಮೊದಲು ಕ್ರಮ ನೆನಪಿಟ್ಟುಕೊಳ್ಳುವವನು ಅವನೇ ಆದ.

ನೃತ್ಯದ ಜೂನಿಯರ್ ಪರೀಕ್ಷೆಗೆ ಯಾವಾಗ ಕೂರಿಸುತ್ತೀರಿ ಎಂದು ಅಪ್ಪಂದಿರು ಕೇಳುತ್ತಾರೆ. ಜೂನಿಯರ್, ಸೀನಿಯರ್, ವಿದ್ವತ್ ಎಂಬ ಮೆಟ್ಟಿಲುಗಳು ಒಳ್ಳೆಯವೇ, ಶಾಸ್ತ್ರ ಓದುವ ಅಭ್ಯಾಸವಾಗುತ್ತದೆ. ಆದರೆ ಪರೀಕ್ಷೆಯ ತಾರೀಕಿಗೆ ಮೈಯನ್ನು ಓಡಿಸಬೇಡಿ. ಒಂದು ವರ್ಷ ತಡವಾಗಿ ಕೂತ ಮಕ್ಕಳೇ ನನ್ನಲ್ಲಿ ಹೆಚ್ಚು ಗಟ್ಟಿಯಾಗಿ ಪಾಸಾದವರು.

ಗೆಜ್ಜೆಯ ವಿಷಯಕ್ಕೂ ಇದೇ ಮಾತು. ಎರಡು ವರ್ಷದ ಹಿಂದೆ 36 ವಯಸ್ಸಿನ ನರ್ಸ್ ಒಬ್ಬರು ಸೇರಿದರು. ರಾತ್ರಿ ಪಾಳಿ ಮುಗಿಸಿ, ಬೆಳಗ್ಗೆ ಎಂಟಕ್ಕೆ ನೇರ ನಮ್ಮ ಮನೆಗೆ ಬರುತ್ತಾರೆ. ದೊಡ್ಡವರಾದ್ದರಿಂದ ಅರೆಮಂಡಿ ಪೂರ್ತಿ ಕೂರುವುದಿಲ್ಲ, ಕೂರಬೇಕಾಗಿಯೂ ಇಲ್ಲ. ಮಂಡಿ ಬೆರಳಿನ ನೇರಕ್ಕೆ ಇದ್ದರೆ ಸಾಕು ಎಂದು ಹೇಳಿದ್ದೇನೆ. ಆರನೇ ತಿಂಗಳಿಗೆ ಗೆಜ್ಜೆ ತಂದು ಮುಂದಿಟ್ಟು, "ಟೀಚರ್, ಇವತ್ತು ಕಟ್ಟಿಕೊಳ್ಳಲಾ?" ಎಂದರು. ಬೇಡ ಎಂದೆ. ಗೆಜ್ಜೆಯ ಸದ್ದಿನಲ್ಲಿ ಅಂಗಾಲಿನ ಸದ್ದು ಕೇಳುವುದಿಲ್ಲ, ಹಿಮ್ಮಡಿ ಮೊದಲು ಬೀಳುವುದು ಗೊತ್ತಾಗುವುದಿಲ್ಲ. ಅವರು ಅದನ್ನು ಚೀಲಕ್ಕೆ ಹಾಕಿಕೊಂಡು ಹೋಗಿ ದೇವರ ಮನೆಯಲ್ಲಿಟ್ಟರು. ಕಳೆದ ವಿಜಯದಶಮಿಗೆ, ತಟ್ಟಡವಿನ ಎಂಟು ಬಗೆಗಳನ್ನೂ ವಿಳಂಬದಲ್ಲಿ ಒಂದೇ ಸದ್ದಿನಲ್ಲಿ ಮುಗಿಸಿದ ಮೇಲೆ, ಗೆಜ್ಜೆಪೂಜೆ ಮಾಡಿಸಿ ನಾನೇ ಅವರ ಕಾಲಿಗೆ ಕಟ್ಟಿದೆ.